ಸ್ವಂತ ಪೆಟ್ಟಿಗೆಯ ಹುಡುಕಾಟ

ಬಂಟ್ವಾಳದ ಬಿ.ಸಿ. ರೋಡಿನ ದಸ್ತಾವೇಜು ಬರಹಗಾರರೊಬ್ಬರು ಕಂಪ್ಯೂಟರಿನ ಸ್ಟಾರ್ಟ್ ಮೆನುವಿನಲ್ಲಿ ಕಕ್ಷಿದಾರರ ಹೆಸರು ಹಾಕಿ, ಮುಂದೆ ‘ಕುಮ್ಕಿ ಜಮೀನು ತಕರಾರು’ ಎಂದು ಟೈಪ್ ಮಾಡುತ್ತಾರೆ ಎಂದುಕೊಳ್ಳಿ. ಬೆಳ್ತಂಗಡಿಯ ಲ್ಯಾಬಿನಲ್ಲಿ ಟೈಪಾಗುವುದು ರೋಗಿಯ ಹೆಸರು, ಜೊತೆಗೆ ರಕ್ತಪರೀಕ್ಷೆಯ ಹೆಸರು. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ತಾನು ಬರೆದಿಟ್ಟ ದೂರಿನ ಕರಡು ಹುಡುಕುತ್ತಿದ್ದಾಳೆ. ಮೂವರಿಗೂ ಬೇಕಾಗಿರುವುದು ತಾವೇ ಉಳಿಸಿಟ್ಟ ಫೈಲು. ಆದರೆ ವಿಂಡೋಸ್‌ನಲ್ಲಿ ಮೊದಲೇ ಹೊಂದಿಸಿಟ್ಟಿರುವಂತೆ ಆ ಅಕ್ಷರಗಳು ಮೈಕ್ರೋಸಾಫ್ಟ್‌ನ ಅಂತರ್ಜಾಲ ಶೋಧಕ ಬಿಂಗ್‌ಗೂ ಹೋಗುತ್ತವೆ. ಎಂಟರ್ ಒತ್ತುವ ತನಕವೂ ವಿಂಡೋಸ್ ಕಾಯುವುದಿಲ್ಲ.

ಸ್ವಂತ ಪೆಟ್ಟಿಗೆಯಲ್ಲಿ ಹುಡುಕುವುದು ಬೇರೆ, ಊರನ್ನು ಕೇಳುವುದು ಬೇರೆ. ಅಟ್ಟದ ಟ್ರಂಕಿನಲ್ಲಿ ಪಹಣಿ ಹುಡುಕುವವರು ಪೇಟೆಯಲ್ಲಿ ನಿಂತು ಅದನ್ನು ಕೂಗಿ ಹೇಳುವುದಿಲ್ಲ. ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬುವ ಮೊದಲು ನಮ್ಮನ್ನು ಕೇಳಬೇಕಿತ್ತು.

ಈ ಜಗಳ ಹಳೆಯದು. 2012ರ ಅಕ್ಟೋಬರ್‌ನಲ್ಲಿ ಬಂದ, ವಿಂಡೋಸ್‌ನಂಥದೇ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ 12.10 ಆವೃತ್ತಿಯಲ್ಲಿ, ಫೈಲು ಹುಡುಕಲು ಟೈಪ್ ಮಾಡಿದ ಪದಗಳು ಅದನ್ನು ರೂಪಿಸುವ ಕ್ಯಾನೊನಿಕಲ್ ಕಂಪನಿಯ ಸರ್ವರಿಗೆ ಹೋಗಿ, ಅಮೆಜಾನ್ ಸರಕುಗಳ ಪಟ್ಟಿಯೊಂದಿಗೆ ಮರಳುತ್ತಿದ್ದವು. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಇದನ್ನು ಬೇಹುಗಾರಿಕೆ ಎಂದೇ ಕರೆದರು. ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಅವರ ವಾದ ಬೇರೆ: ಯಂತ್ರದ ಪೂರ್ತಿ ಹಿಡಿತವನ್ನೇ ನಮ್ಮ ಕೈಗೆ ಕೊಟ್ಟು ನಂಬಿದ್ದೀರಿ, ಇಷ್ಟಕ್ಕೇಕೆ ಅಂಜಿಕೆ? ಈ ವಾದ ನನಗೆ ಒಪ್ಪಿಗೆಯಿಲ್ಲ. ಬೀಗ ರಿಪೇರಿಯವನನ್ನು ನಂಬಿ ಕೀಲಿಕೈ ಕೊಟ್ಟ ಮಾತ್ರಕ್ಕೆ ಮನೆಯೊಳಗಿನ ಮಾತನ್ನು ಅಂಗಡಿಗೆ ಮುಟ್ಟಿಸುವ ಹಕ್ಕು ಅವನಿಗೆ ಬರುವುದಿಲ್ಲ. ಕೊನೆಗೆ 2016ರ ಏಪ್ರಿಲ್‌ನ 16.04 ಆವೃತ್ತಿಯಲ್ಲಿ ಉಬುಂಟು ಆ ವ್ಯವಸ್ಥೆಯನ್ನು ಮೊದಲಿನಿಂದಲೇ ಆಫ್ ಮಾಡಿ ಕೊಟ್ಟಿತು.

ಹೆಸರು ಸೇರಿಸುವುದಿಲ್ಲವಲ್ಲ, ಏನು ನಷ್ಟ ಎನ್ನುವವರಿದ್ದಾರೆ. 2006ರಲ್ಲಿ ಅಮೆರಿಕದ ಅಂತರ್ಜಾಲ ಕಂಪನಿ ಎಒಎಲ್ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಬದಲು ಬರೀ ಸಂಖ್ಯೆ ಹಾಕಿ ಬಿಡುಗಡೆ ಮಾಡಿತ್ತು. ಪತ್ರಕರ್ತರು ಹುಡುಕಿದ ಪದಗಳ ಜಾಡು ಹಿಡಿದು ಒಬ್ಬ ಮಹಿಳೆಯ ಮನೆಬಾಗಿಲಿಗೇ ಹೋದರು. ನಮ್ಮಲ್ಲಿ ಅಷ್ಟು ಶ್ರಮವೂ ಬೇಡ. ಮನೆತನದ ಹೆಸರು, ಗ್ರಾಮದ ಹೆಸರು, ತಕರಾರಿನ ಬಗೆ ಒಂದೇ ಸಾಲಿನಲ್ಲಿ ಬಂದರೆ ಇಡೀ ಊರಿಗೆ ಆಳು ಗೊತ್ತು.

ಬೇಡದವರು ಆಫ್ ಮಾಡಿಕೊಳ್ಳಲಿ ಎಂಬ ಮಾತೂ ಇದೆ. ಯಾರು ಮಾಡುತ್ತಾರೆ? ಅಂಗಡಿಯ ಹುಡುಗ ಮೊದಲ ದಿನ ಹೇಗೆ ಹೊಂದಿಸಿ ಕೊಟ್ಟನೋ ಹಾಗೆಯೇ ಕಂಪ್ಯೂಟರು ವರ್ಷಗಟ್ಟಲೆ ನಡೆಯುತ್ತದೆ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಬಿಂಗ್ ಹುಡುಕಾಟವನ್ನು ಪೂರ್ತಿ ನಿಲ್ಲಿಸಲು ರಿಜಿಸ್ಟ್ರಿ ಎಂಬ ಒಳಗಿನ ಸೆಟ್ಟಿಂಗುಗಳ ಭಂಡಾರಕ್ಕೆ ಕೈಹಾಕಬೇಕು. ಫೈಲೂ ಬಿಂಗ್ ಫಲಿತಾಂಶವೂ ಒಂದೇ ಕಡೆ ಸಿಗುವುದು ಕೆಲವರಿಗೆ ಅನುಕೂಲ, ನಿಜ. ಅವರು ಕೇಳಿ ಆನ್ ಮಾಡಿಕೊಳ್ಳಲಿ.

ಕೇಳಿಯೇ ಮಾಡಬೇಕು ಎಂಬುದಕ್ಕೆ ಕಾನೂನಿನ ಬಲವೂ ಇದೆ. ಉಬುಂಟು ವಿವಾದದ ವರ್ಷವೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿದರು. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯೆಂದರೆ ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದು. ಸುಮ್ಮನಿದ್ದುದನ್ನು ಒಪ್ಪಿಗೆಯೆಂದು ಎಣಿಸಲಾಗದು.

ಬೇರೆ ದಾರಿ ಇಲ್ಲವೆಂದಲ್ಲ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಗೆ ಮಣಿದು, ಬಿಂಗ್ ಹುಡುಕಾಟವನ್ನು ವಿಂಡೋಸ್‌ನಿಂದಲೇ ತೆಗೆದುಹಾಕುವ ಅವಕಾಶವನ್ನು ಮೈಕ್ರೋಸಾಫ್ಟ್ 2023ರ ನವೆಂಬರ್‌ನಲ್ಲಿ ಅಲ್ಲಿನವರಿಗೆ ಪ್ರಕಟಿಸಿತು. ಅದೇ ಅವಕಾಶವನ್ನು ಬಂಟ್ವಾಳದವರಿಗೂ ಕೊಡಿ ಎಂದು ನಮ್ಮ ಸರ್ಕಾರ ಕೇಳಲಿ.