ಊಹೆಯ ಸಾಲ ತೀರಿಸುವವರು ಯಾರು?

ನಮ್ಮ ಮಹಿಳಾ ಸಂಘದಿಂದ ಒಮ್ಮೆ ದೀಪಾವಳಿಗೆಂದು ಹತ್ತಿಯ ಒಳಲಂಗ ಹೊಲಿಸಿದೆವು. "ಈ ಸಲ ಕಡುಹಸಿರೇ ಓಡುವುದು" ಎಂದರು ಅಧ್ಯಕ್ಷೆ. ಓಡಿದ್ದು ಮೆರೂನ್. ಹಸಿರು ಕಪಾಟಿನಲ್ಲೇ ಉಳಿಯಿತು. ಹೊಲಿದವರ ಕೂಲಿ ಸಂಕ್ರಾಂತಿಯವರೆಗೂ ಬರಲಿಲ್ಲ. "ಮುಂದಿನ ಸಲ ಸರಿಯಾಗಿ ಅಂದಾಜು ಮಾಡೋಣ" ಎಂದು ಸಭೆಯಲ್ಲಿ ನಿರ್ಣಯವಾಯಿತು.

ನಾನಿದನ್ನು ಒಪ್ಪುವುದಿಲ್ಲ. ತಪ್ಪು ಅಂದಾಜಿನದಲ್ಲ, ಎಲ್ಲವನ್ನೂ ಅಂದಾಜಿಗೇ ಒಪ್ಪಿಸಿಬಿಟ್ಟ ನಮ್ಮದು.

ದೊಡ್ಡ ಕಂಪನಿಗಳೂ ಹೀಗೆ ಎಡವಿಯೇ ಕಲಿತವು. ಹ್ಯೂಲೆಟ್-ಪ್ಯಾಕರ್ಡ್ ತನ್ನ ಡೆಸ್ಕ್‌ಜೆಟ್ ಪ್ರಿಂಟರುಗಳನ್ನು ಒಂದೊಂದು ದೇಶದ ವಿದ್ಯುತ್ತಿಗೂ ಭಾಷೆಗೂ ತಕ್ಕಂತೆ ಅಮೆರಿಕದಲ್ಲೇ ಹೊಂದಿಸಿ ಹಡಗಿಗೇರಿಸುತ್ತಿತ್ತು. ಯುರೋಪು ಮುಟ್ಟಲು ಸುಮಾರು ಒಂದು ತಿಂಗಳು. ಅಷ್ಟರಲ್ಲಿ ಒಂದು ದೇಶದಲ್ಲಿ ಕೊರತೆ, ಪಕ್ಕದ ದೇಶದಲ್ಲಿ ರಾಶಿ! 1990ರ ಆಚೀಚೆ ಅವರು ವಿನ್ಯಾಸವನ್ನೇ ಬದಲಿಸಿದರು. ಪ್ರಿಂಟರ್ ಎಲ್ಲರಿಗೂ ಒಂದೇ. ಪ್ಲಗ್ಗು, ಕೈಪಿಡಿಗಳು ಸೇರುವುದು ಯುರೋಪಿನ ಗೋದಾಮಿನಲ್ಲಿ, ಬೇಡಿಕೆ ತಿಳಿದ ಮೇಲೆ. ಇಟಲಿಯ ಬೆನೆಟನ್ನಂತೂ ಬಣ್ಣವಿಲ್ಲದ ನೂಲಿನಲ್ಲೇ ಸ್ವೆಟರ್ ಹೆಣೆದಿಟ್ಟು, ಯಾವ ಬಣ್ಣ ಓಡುತ್ತದೆಂದು ನೋಡಿ ಆಮೇಲೆ ಬಣ್ಣಕ್ಕೆ ಅದ್ದಿತು.

ಇದೇನು ಹೊಸ ವಿದ್ಯೆಯೇ? ನೆಂಟರು ಇಡ್ಲಿ ಕೇಳುವರೋ ದೋಸೆಯೋ ತಿಳಿಯದೆಯೇ ನಾವು ಹಿಟ್ಟು ರುಬ್ಬಿಡುವುದಿಲ್ಲವೇ?

ಹೀಗೆ ಮಾಡಿದರೆ ಖರ್ಚು ಹೆಚ್ಚು ಎನ್ನುತ್ತಾರೆ. ಒಂದಿಷ್ಟು ಹೆಚ್ಚೇ ಇರಲಿ. ಆ ಹಸಿರು ಲಂಗಗಳ ಖರ್ಚನ್ನೂ ಯಾರೋ ಕೊಟ್ಟರಲ್ಲ! ಅದು ಸಂಘದ ಲೆಕ್ಕದ ಪುಸ್ತಕದಲ್ಲಿ ಕಾಣಲಿಲ್ಲ, ಹೊಲಿದವಳ ಅಡುಗೆಮನೆಯ ಖಾಲಿ ಡಬ್ಬಿಗಳಲ್ಲಿ ಕಂಡಿತು. ಮುಂದಿನ ದೀಪಾವಳಿಗೆ ಬಿಳಿ ಬಟ್ಟೆಯಲ್ಲೇ ಹೊಲಿಸೋಣ. ಬಣ್ಣ ಯಾವುದೆಂದು ಕೊಳ್ಳುವವಳೇ ಹೇಳಲಿ.