ಮೂತ್ರಕೋಶದ ಕ್ಯಾನ್ಸರ್: ತಪ್ಪು ಕಾಫಿಯದಲ್ಲ, ಬೀಡಿಯದು



ತೋಟದಲ್ಲಿ ಯಾರಿಗಾದರೂ ಮೂತ್ರ ಕೆಂಪಗೆ ಹೋಯಿತೆಂದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, ‘ಉಷ್ಣವಾಗಿದೆ, ಕಾಫಿ ಬಿಡು’ ಎಂಬುದು. ಕಾಫಿ ಬಿಡುತ್ತಾರೆ, ಎಳನೀರು, ಬಾರ್ಲಿ ನೀರು ಕುಡಿಯುತ್ತಾರೆ. ಎರಡು ದಿನದಲ್ಲಿ ಮೂತ್ರ ತಿಳಿಯಾಗುತ್ತದೆ. ಬೀಡಿ ಮಾತ್ರ ಕಿವಿಯ ಸಂದಿಯಲ್ಲಿ ಹಾಗೆಯೇ ಇರುತ್ತದೆ.

ಕಾಫಿಯ ಮೇಲಿನ ದೂರು ನಮ್ಮ ಊರಿನದು ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರ್ ತರಬಹುದಾದ ಪದಾರ್ಥಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ 23 ವಿಜ್ಞಾನಿಗಳು ಸಾವಿರಕ್ಕೂ ಮಿಕ್ಕಿದ ಅಧ್ಯಯನಗಳನ್ನು ಪರಿಶೀಲಿಸಿ, ಕಾಫಿಯನ್ನು ಆ ಪಟ್ಟಿಯಿಂದ ಕೈಬಿಟ್ಟರು. ಹಿಂದಿನ ಲೆಕ್ಕದ ಮುಖ್ಯ ತೊಡಕು ಇಷ್ಟೇ: ಹೆಚ್ಚು ಕಾಫಿ ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಹೆಚ್ಚು. ಹೊಗೆಯ ಪಾಪವನ್ನು ಕಾಫಿಯ ತಲೆಗೆ ಕಟ್ಟಲಾಗಿತ್ತು. (65 ಡಿಗ್ರಿ ಮೀರಿದ ಸುಡುವ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲವೆಂದೂ ಅವರೇ ಹೇಳಿದ್ದಾರೆ. ಕಾಫಿಯಾಗಲಿ ಟೀಯಾಗಲಿ, ಸ್ವಲ್ಪ ಆರಿಸಿಕೊಂಡು ಕುಡಿಯಿರಿ.)

ಬೀಡಿ ಸೇದಿದರೆ ಕೆಡುವುದು ಶ್ವಾಸಕೋಶ ಮಾತ್ರ ಎಂದು ಬಹುಮಂದಿ ತಿಳಿದಿದ್ದಾರೆ. ಹೊಗೆಯ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಮೈಲುತುತ್ತದ ನೀರನ್ನು ಕಬ್ಬಿಣದ ಡಬ್ಬದಲ್ಲಿ ಬಿಟ್ಟರೆ ಡಬ್ಬದ ಗತಿ ಏನೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಸೇದದವರಿಗಿಂತ ಸೇದುವವರಿಗೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಸುಮಾರು ಮೂರು ಪಟ್ಟು. ಎಲೆಯಲ್ಲಿ ಸುತ್ತಿದ ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬುದು ಬರಿಯ ಭ್ರಮೆ. ಬಿಟ್ಟ ಕೆಲವು ವರ್ಷಗಳಲ್ಲೇ ಅಪಾಯ ಇಳಿಯತೊಡಗುತ್ತದೆ. ಆದ್ದರಿಂದ ‘ಇಷ್ಟು ವಯಸ್ಸಾದ ಮೇಲೆ ಬಿಟ್ಟು ಏನು ಪ್ರಯೋಜನ’ ಎಂಬ ಮಾತಿಗೆ ಅರ್ಥವಿಲ್ಲ.

ಮೂತ್ರಪಿಂಡದ ಕ್ಯಾನ್ಸರಿಗೆ ಹೊಗೆಯ ಜೊತೆಗೆ ಬೊಜ್ಜು ಮತ್ತು ರಕ್ತದೊತ್ತಡ ಸೇರುತ್ತವೆ. ಕಾಲ್ನಡಿಗೆಯಲ್ಲಿ ತೋಟ ಸುತ್ತುತ್ತಿದ್ದವರು ಈಗ ಬೈಕಿನಲ್ಲೇ ಬದುವಿನವರೆಗೆ ಹೋಗುತ್ತಾರೆ. ಪ್ರಾಸ್ಟೇಟ್ ಗ್ರಂಥಿಯ ವಿಷಯದಲ್ಲಿ ಅಭ್ಯಾಸಗಳಿಗಿಂತ ವಯಸ್ಸು, ವಂಶಗಳದ್ದೇ ಪಾತ್ರ ದೊಡ್ಡದು.

ಬಾಶೆಟ್ಟಿಹಳ್ಳಿಯ ಸುತ್ತಿನ ನಮಗೆ ಇನ್ನೊಂದು ವಿಷಯವೂ ತಿಳಿದಿರಬೇಕು. ದೊಡ್ಡಬಳ್ಳಾಪುರ ಮಗ್ಗದ ಊರು; ಮಗ್ಗವಿದ್ದಲ್ಲಿ ಬಣ್ಣದ ಕೆಲಸವೂ ಇರುತ್ತದೆ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆ ಕಾಣುವುದನ್ನು ಜರ್ಮನಿಯ ಶಸ್ತ್ರವೈದ್ಯ ರೆನ್ 1895ರಲ್ಲೇ ಹೇಳಿದ್ದರು. ಅದಕ್ಕೆ ಕಾರಣವಾದ ರಾಸಾಯನಿಕಗಳಲ್ಲಿ ಕೆಲವು ತಂಬಾಕಿನ ಹೊಗೆಯಲ್ಲೂ ಇವೆ. ಬಣ್ಣದ ಕೆಲಸಕ್ಕೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಬರಿಗೈಯಲ್ಲಿ ಬಣ್ಣ ಮುಟ್ಟಬೇಡಿರೆಂದು, ಬೀಡಿಯಂತೂ ಬೇಡವೇ ಬೇಡವೆಂದು ಹೇಳಿ.

ಕಾಫಿಯ ಪರ ಮಾತನಾಡಿದ ನಾವು ಅಡಿಕೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡರೆ ನ್ಯಾಯವಾಗದು. ಅದೇ ಲಿಯಾನಿನ ಸಂಸ್ಥೆ 2004ರಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ಪದಾರ್ಥವೆಂದು ಪ್ರಕಟಿಸಿದೆ. ಅದು ಹೇಳಿರುವುದು ಮುಖ್ಯವಾಗಿ ಬಾಯಿಯ ಕ್ಯಾನ್ಸರನ್ನು. ಮೂತ್ರಕೋಶದ ಮಾತು ಅಲ್ಲಿಲ್ಲ. ಸದಸ್ಯರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲವೆಂದು ಬಲ್ಲೆವು. ಆದರೆ ಕಾಫಿಗೆ ಅನುಕೂಲವಾದಾಗ ನಂಬುವ ಸಂಸ್ಥೆಯನ್ನು ಅಡಿಕೆಗೆ ಪ್ರತಿಕೂಲವಾದಾಗ ಜರೆಯಲು ನಾವು ಸಿದ್ಧರಿಲ್ಲ.

ಮೂತ್ರದಲ್ಲಿ ರಕ್ತ ನೋವಿಲ್ಲದೆ ಬರಬಹುದು, ಒಮ್ಮೆ ಬಂದು ತಿಂಗಳುಗಟ್ಟಲೆ ನಿಲ್ಲಬಹುದು. ನಿಂತಿತೆಂದರೆ ವಾಸಿಯಾಯಿತೆಂದಲ್ಲ. ಹೆಂಗಸರಲ್ಲಿ ಮುಟ್ಟಿನ ತೊಂದರೆಯೆಂದೋ ಉರಿಮೂತ್ರವೆಂದೋ ತಿಳಿದು ತಡವಾಗುವುದು ಇನ್ನೂ ಹೆಚ್ಚು. ಒಂದು ಸಲ ಕಂಡರೂ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಮುಂದಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಿಂದ ನಡೆಯುತ್ತಿರುವ ಕಿದ್ವಾಯಿ ಆಸ್ಪತ್ರೆ ಇದೆ. ಮೊದಲ ಹಂತದಲ್ಲೇ ಸಿಕ್ಕಿದರೆ ಗೆಡ್ಡೆಯನ್ನು ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ತೆಗೆಯಲು ಬಹುಮಟ್ಟಿಗೆ ಸಾಧ್ಯ.

ಕೊಯ್ಲಿನ ದಿನ ಆಳುಗಳಿಗೆ ಕೂಲಿಯ ಜೊತೆ ಒಂದು ಕಟ್ಟು ಬೀಡಿ, ಬೆಂಕಿಪೆಟ್ಟಿಗೆ ಕೊಡುವ ವಾಡಿಕೆ ಕೆಲವು ತೋಟಗಳಲ್ಲಿ ಇನ್ನೂ ಇದೆ. ಇದು ನಿಲ್ಲಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಆಳು ಸಿಗುವುದೇ ದುಸ್ತರವಾದ ಈ ಕಾಲದಲ್ಲಿ ಒಬ್ಬರು ನಿಲ್ಲಿಸಿದರೆ ಆಳು ಪಕ್ಕದ ತೋಟಕ್ಕೆ ಹೋದಾರು ಎಂಬ ಅಂಜಿಕೆ ಸುಳ್ಳಲ್ಲ. ಎಲ್ಲರೂ ಒಟ್ಟಿಗೆ ನಿಲ್ಲಿಸಿ, ಆ ಹಣವನ್ನು ಕೂಲಿಗೇ ಸೇರಿಸಿದರೆ ಹೋಗುವುದೆಲ್ಲಿಗೆ? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲಿದ್ದೇವೆ. ಒಪ್ಪದ ಸದಸ್ಯರು ಅಂದು ತಪ್ಪದೆ ಹಾಜರಿದ್ದು ತಮ್ಮ ಮಾತು ಹೇಳಬೇಕೆಂದು ವಿನಂತಿ.