ಹೊಸ ಸೈಕಲ್ಲು, ಹಳೇ ಜಗಳ

ಚೋರನೂರಿನ ಮನೆಯೊಂದಕ್ಕೆ ಹೊಸ ಸೈಕಲ್ಲು ಬಂದರೆ ಅಂದು ಹಬ್ಬ. ಹದಿನೈದೇ ದಿನಕ್ಕೆ ಪೆಡಲ್ಲಿನ ಮರೆ ಸವೆದು, ಫ್ರೀವೀಲ್ ಜಾರತೊಡಗಿದರೆ ಅದೇ ಮನೆಯಲ್ಲಿ ರಂಪ. ಅಪ್ಪ ಒಂದು ದಿನದ ಕೂಲಿ ಬಿಟ್ಟು, ಸೈಕಲ್ಲನ್ನು ಬಸ್ಸಿನ ಟಾಪಿಗೇರಿಸಿ ಸಂಡೂರಿಗೋ ಹೊಸಪೇಟೆಗೋ ಹೋದರೆ ಅಂಗಡಿಯವರ ಉತ್ತರ ಸಿದ್ಧ: "ನಾವು ಮಾರೋರು ಅಷ್ಟೇರಿ, ಕಂಪನಿಯವರನ್ನ ಕೇಳ್ರಿ." ಕಂಪನಿ ಇರುವುದೋ ದೂರದ ಲುಧಿಯಾನದಲ್ಲಿ!

ಟೈರು, ಟ್ಯೂಬು ಸವೆದದ್ದಕ್ಕೆ ಗ್ಯಾರಂಟಿ ಕೇಳುವುದು ನ್ಯಾಯವಲ್ಲ, ಒಪ್ಪೋಣ. ಮೂವರನ್ನು ಹೇರಿ ರಿಮ್ ಬೆಂಡು ಮಾಡಿಕೊಂಡು ಬಂದು ಜಗಳ ತೆಗೆಯುವ ಗಿರಾಕಿಗಳೂ ಉಂಟು. ಆದರೆ ಬರುವಾಗಲೇ ಕೆಟ್ಟಿದ್ದ ಪಾರ್ಟಿಗೆ ಗಿರಾಕಿ ಏಕೆ ದಂಡ ತೆರಬೇಕು? 2020ರಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ಲು ಕೊಡದಿರುವುದನ್ನೇ ತಪ್ಪು ವ್ಯಾಪಾರ ಎನ್ನುತ್ತದೆ. ದೋಷದ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ಒಲ್ಲೆನೆಂದರೆ ಅದೂ ಅಷ್ಟೇ. "ಮಾರಿದ ಮಾಲು ವಾಪಸಿಲ್ಲ" ಎಂಬ ಬೋರ್ಡಿನ ಹಿಂದೆ ಅವಿತರೆ ನಡೆಯದು.

ಕೊಂಡ ಬೆಲೆ 5 ಲಕ್ಷ ರೂ. ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಂಗಡಿ 2021ರಲ್ಲಿ ಬೇರೆ ಜಿಲ್ಲೆಯಾದ ಹೊಸಪೇಟೆಯಲ್ಲಿದ್ದರೂ ಚೋರನೂರಿನವರು ಬಳ್ಳಾರಿಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಹಾಕಬಹುದು. ಆದರೆ ಒಂದು ಪೆಡಲ್ಲಿಗಾಗಿ ನಾಲ್ಕು ಸಲ ಬಳ್ಳಾರಿಗೆ ಅಲೆದರೆ ಬಸ್ ಚಾರ್ಜೇ ಪೆಡಲ್ಲಿನ ಬೆಲೆ ಮೀರೀತು! ಅದಕ್ಕೇ ಮೊದಲು 1915ಕ್ಕೊಂದು ಫೋನು ಮಾಡುವುದು ಲೇಸು. ಅಂಗಡಿಯವರೂ ಬಿಲ್ಲಿನ ಮೇಲೆ ತಾರೀಖು, ಫ್ರೇಮ್ ನಂಬರು ಬರೆದುಕೊಡಲಿ. ಕೆಟ್ಟ ಪಾರ್ಟನ್ನು ಅಲ್ಲೇ ಬದಲಿಸಿ, ಕಂಪನಿಯ ಲೆಕ್ಕವನ್ನು ಕಂಪನಿಯೊಂದಿಗೇ ಆಮೇಲೆ ಚುಕ್ತಾ ಮಾಡಿಕೊಳ್ಳಲಿ.